ಟ್ರೊಮ್ಸೊದಲ್ಲಿ ಒಂದು ಸಂಕಷ್ಟಿ

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
೧೮ ನವೆಂಬರ್ ೨೦೨೫

ಪೂಜ್ಯ ಬಸವ್ವತ್ತೆಯವರಿಗೆ,

ನೀಲಾಂಬಿಕೆಯ ನಮಸ್ಕಾರಗಳು.

ಈ ತಿಂಗಳ ಸಂಕಷ್ಟಿಯಂದು, ಅಲ್ ಐನ್‌ನ ನಿಮ್ಮ ಕಟ್ಟಡದ ಮಾಳಿಗೆಯ ಮೇಲೆ ಚಂದ್ರನಿಗಾಗಿ ಕಾಯುತ್ತಿದ್ದಾಗ ಸಕ್ಕರೆ ಇಳಿದು ನೀವು ಕುಸಿದುಬಿದ್ದ ಸಂಗತಿಯನ್ನು ಅಪ್ಪ ನನ್ನಿಂದ ಮುಚ್ಚಿಟ್ಟಿದ್ದರು. ನಿನ್ನೆ ಊಟದ ನಡುವೆ ಬಾಯಿ ಜಾರಿ ಹೇಳಿಬಿಟ್ಟರು. ಇನ್ಸುಲಿನ್ ಚುಚ್ಚಿಕೊಳ್ಳುವವರು ದಿನವಿಡೀ ಉಪವಾಸವಿದ್ದರೆ ಏನಾಗುತ್ತದೆಂದು, ವಾರ್ಡಿನಲ್ಲಿ ನಿಂತು ರೋಗಿಗಳನ್ನು ಗದರಿಸುವ ನರ್ಸ್ ಆದ ನಿಮಗೆ ನಾನು ಹೇಳಹೊರಡುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ: ನೀವು ಇನ್ನು ಮುಂದೆ ಸಂಕಷ್ಟಿ ಮಾಡಕೂಡದು.

ಇಪ್ಪತ್ತೊಂದರ ಹರಕೆಯಲ್ಲಿ ಕೊನೆಯ ಒಂದು ಬಾಕಿಯಿದೆ, ಅದನ್ನು ಬಿಡುವ ಹೆಂಗಸು ನೀವಲ್ಲ ಎಂದು ಅಪ್ಪ ಹೇಳುತ್ತಾರೆ. ಹಾಗಿದ್ದರೆ ಆ ಒಂದನ್ನು ನನಗೆ ವಹಿಸಿಕೊಡಿ. ಮನೆಯಲ್ಲಿ ಒಬ್ಬರ ಹರಕೆಯನ್ನು ಇನ್ನೊಬ್ಬರು ತೀರಿಸುವ ಪದ್ಧತಿಯುಂಟೆಂದು ನೀವೇ ಒಮ್ಮೆ ಹೇಳಿದ್ದಿರಿ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ಜೂನ್ ತಿಂಗಳಲ್ಲಿ ನನಗೆ ಚಿನ್ನದ ಪದಕ ಬಂದಾಗ, ದುಬೈಯ ಕನ್ನಡ ಬಳಗದ ಊಟದಲ್ಲಿ ಅಪ್ಪ ಎದ್ದು ನಿಂತು, "ಇದು ನಮ್ಮ ತಂಗಿ ಬಸವ್ವನ ಉಪವಾಸದ ಫಲ" ಎಂದು ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸುವ ಪೊರೆಗಳ ಮುಂದೆ ಎರಡು ವರ್ಷ ಕುಳಿತವಳು ನಾನು. ಪೊರೆಗಳಿಗಾಗಲಿ ನನಗಾಗಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನನ್ನ ಅಂಕಗಳಿಗಾಗಿ ನೀವು ಹಸಿದಿರಿ ಎಂಬ ಭಾರವನ್ನು ಹೊತ್ತು ತಿರುಗಲು ನನಗೆ ಇಷ್ಟವಿಲ್ಲ.

ಡಿಸೆಂಬರ್‌ನ ಸಂಕಷ್ಟಿ ಏಳನೆಯ ತಾರೀಖು, ಭಾನುವಾರ. ಅಂದು ನಾನು ಟ್ರೊಮ್ಸೊದಲ್ಲಿರುತ್ತೇನೆ. ಅದು ನಾರ್ವೆಯ ಉತ್ತರ ತುದಿಯಲ್ಲಿರುವ ಬಂದರು ನಗರ. ಮರುದಿನದಿಂದ ಅಲ್ಲಿ ಸಮುದ್ರದ ನೀರಿನ ಕುರಿತ ಸಮ್ಮೇಳನ. ನಾನೂ ಸಹಪಾಠಿ ಹಫ್ಸಳೂ ಪ್ರಬಂಧ ಮಂಡಿಸುತ್ತೇವೆ. ಭಾನುವಾರ ಊರು ನೋಡಲು ಬಿಡುವು. ಆ ದಿನದ ಉಪವಾಸ ನನ್ನದು.

ಒಪ್ಪಿಗೆಯನ್ನು ಇ-ಮೇಲಿನಲ್ಲೇ ಬರೆದು ತಿಳಿಸಿ.

ನಿಮ್ಮ ಸೋದರಸೊಸೆ,
ನೀಲಾಂಬಿಕಾ


ಅಲ್ ಐನ್
೨೧ ನವೆಂಬರ್ ೨೦೨೫

ನನ್ನ ನೀಲವ್ವಾ,

ನಿನ್ನ ಪತ್ರ ಬಂತು. ಓದಿದ್ರ ಕೋರ್ಟಿನ ಬೇಲಿಫ್ ಬಾಗಲಾಗ ನಿಂತಂಗ ಆತು. ಅಧಿಕಪ್ರಸಂಗ ಅಂತ ತಾನ ಹೇಳಿ, ಮರುಸಾಲಿಗೆ ಅದನ್ನ ಮಾಡಾಕಿ ಈ ಯುಎಇದಾಗ ನೀನೊಬ್ಬಾಕಿನ. ಕನ್ನಡ ಬರಿಯೂದು ಕಲಿಸಿದಾಕಿ ನಾನ ಖರೆ, ಆದರ ಇಷ್ಟು ಇಸ್ತ್ರಿ ಮಾಡೂದು ನಾ ಕಲಿಸಿದ್ದಿಲ್ಲ.

ನಾ ಬಿದ್ದಿದ್ದು ಖರೆ. ಡಾಕ್ಟರು ಬೈದಿದ್ದೂ ಖರೆ. ನನ್ನ ವಾರ್ಡಿನ ಹುಡುಗಿಯರ ಮುಂದನ ಬೈದರು, ಮಾನ ಹೋತು. ಹಫೀಝಾ ಅಂತೂ ಮಾತು ಬಿಟ್ಟಾಳ. ಆಕಿ ಗೊತ್ತಲ್ಲ ನಿನಗ? ಪುತ್ತೂರಾಕಿ, ನನ್ನ ಜೊತಿ ನರ್ಸ್. ಈ ಫ್ಲ್ಯಾಟಿನ್ಯಾಗ ಒಂದು ಖೋಲಿ ನಂದು, ಇನ್ನೊಂದು ಆಕಿದು, ಆಕಿ ಗಂಡ ತೌಫೀಕಂದು. ಅಕ್ಟೋಬರಿನ್ಯಾಗ ಆಕಿಗೆ ಹೆಣ್ಣು ಕೂಸು ಆತು. ನನ್ನ ಕೂಡ ಮಾತು ಬಿಟ್ಟರೂ ಕೂಸಿನ್ನ ಮಾತ್ರ ನನ್ನ ಉಡಿಯಾಗ ಹಾಕಿ ಹೋಗತಾಳ.

ಆತು, ನಿನ್ನ ಮಾತಿಗೆ ಒಪ್ಪೇನಿ. ಅವತ್ತ ಹೊತ್ತಿಗೆ ಸರಿಯಾಗಿ ಉಣ್ಣತೀನಿ. ನೀ ನೀರು ಕುಡಿ, ಹಾಲು ಕುಡಿ, ಬಾಕಿ ಏನೂ ಬ್ಯಾಡ. ಚಂದ್ರನ್ನ ಮಾತ್ರ ನಿನ್ನ ಕಣ್ಣಿಲೆ ನೋಡಬೇಕು. ನೋಡಿ, ಅರ್ಘ್ಯದ ನೀರು ಬಿಟ್ಟು, ಆಮ್ಯಾಲೆ ತುತ್ತು. ಫೋನಿನ್ಯಾಗ ಟೈಮ್ ನೋಡಿ, "ಮೂಡಿರ್ತಾನ, ಖಲಾಸ್, ತಾಟು ಹಚ್ಚರಿ" ಅನ್ನೂ ಮಂದಿ ಭಾಳ ಅದಾರ ಇಲ್ಲೆ. ಧೂಳು, ಟವರು ಅಡ್ಡ ಬರತಾವ, ಏನ್ ಮಾಡಬೇಕು ಅಂತಾರ. ನಾ ಹಂಗ ಒಂದೂ ಮಾಡಿಲ್ಲ.

ಚಂದ್ರ ಕಾಣಲಿಲ್ಲಂದ್ರ ಮುಚ್ಚಿಡಬ್ಯಾಡ. ಜನವರಿ ಸಂಕಷ್ಟಿ ಮಂಗಳವಾರ ಬರತೈತಿ, ಅಂಗಾರಕಿ. ಅದನ್ನ ನಾನ ಮಾಡತೀನಿ. ಆಗ ಡಾಕ್ಟರೂ ಬ್ಯಾಡ, ನೀನೂ ಬ್ಯಾಡ, ಯಾರ ಮಾತೂ ಕೇಳಾಕಿ ಅಲ್ಲ ನಾ.

ಹರಕಿ ಯಾವುದಕ್ಕ ಅಂತ ನೀನ ಬರದಿ. ನಾ ಏನೂ ಹೇಳಾಕಿ ಅಲ್ಲ. ಹೊತ್ತ ಹರಕಿ ಬಾಯಿಲೆ ಆಡಬಾರದು.

ಬೆಚ್ಚಗಿನ ಕಾಲಚೀಲ ಒಯ್ಯಿ.

ನಿನ್ನ ಅತ್ತಿ,
ಬಸವ್ವ


ಟ್ರೊಮ್ಸೊ
೬ ಡಿಸೆಂಬರ್ ೨೦೨೫

ಪೂಜ್ಯ ಅತ್ತೆಯವರಿಗೆ,

ಕ್ಷೇಮವಾಗಿ ತಲುಪಿದ್ದೇವೆ. ಚಿಂತಿಸಬೇಡಿ.

ಇಲ್ಲಿ ಈ ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆಕಾಶದ ಅಂಚು ನೀಲಿಯಾಗುತ್ತದೆ, ಅದರೊಳಗೊಂದಿಷ್ಟು ಗುಲಾಬಿ. ಬೇಗನೆ ಮತ್ತೆ ಕತ್ತಲು. ಅಂಗಡಿಯವರು ಅದನ್ನೇ "ಹಗಲು" ಎನ್ನುತ್ತಾರೆ. ಇಂದು ಹಿಮ ಬೀಳುತ್ತಿದೆ, ಮೋಡ ಕವಿದಿದೆ. ನಾಳೆಯ ವ್ಯವಸ್ಥೆಯನ್ನೆಲ್ಲ ಯೋಚಿಸಿದ್ದೇನೆ. ಚಂದ್ರನ ವಿಷಯದಲ್ಲಿ ನೀವು ಚಿಂತಿಸಬೇಡಿ.

ನಾಳೆ ಬೆಳಿಗ್ಗೆ ನೀವು ತಿಂಡಿ ತಿಂದದ್ದನ್ನು ತಿಳಿಸಿ.

ನೀಲಾಂಬಿಕಾ


ಅಲ್ ಐನ್
೭ ಡಿಸೆಂಬರ್ ೨೦೨೫, ಮುಂಜಾನೆ

ನೀಲವ್ವಾ,

ನಾಕು ಸಾಲಿನ ಪತ್ರದಾಗ ಎರಡು ಸರ್ತಿ "ಚಿಂತಿಸಬೇಡಿ" ಅಂತ ಬರದಿ. ಒಂದ ಸರ್ತಿ ಬರದಿದ್ರ ನಾ ಚಿಂತಿ ಮಾಡತಿದ್ದಿಲ್ಲ.

ನಾ ಇಡ್ಲಿ ತಿಂದೆ. ಚಟ್ನಿ ಜೋಡಿ. ನೀ ಊರು ನೋಡು.

ಅತ್ತಿ


ಟ್ರೊಮ್ಸೊ
೭ ಡಿಸೆಂಬರ್ ೨೦೨೫, ಸಂಜೆ

ಪೂಜ್ಯ ಅತ್ತೆಯವರಿಗೆ,

ಮೊದಲು ಮುಖ್ಯವಾದುದನ್ನು ಹೇಳಿಬಿಡುತ್ತೇನೆ: ಚಂದ್ರನನ್ನು ಕಂಡೆ. ನನ್ನ ಕಣ್ಣಿನಿಂದಲೇ ಕಂಡೆ. ನೀರು ಬಿಟ್ಟೆ, ಊಟ ಮಾಡಿದೆ. ನಿಮ್ಮ ಇಪ್ಪತ್ತೊಂದು ಪೂರ್ಣವಾಯಿತು. ಜನವರಿಯ ಮಂಗಳವಾರ ನೀವು ಮೂರು ಹೊತ್ತು ಉಣ್ಣತಕ್ಕದ್ದು.

ಇನ್ನು ನಾನು ನಿಮ್ಮಿಂದ ಮರೆಮಾಡಿದ್ದನ್ನು ಹೇಳಬೇಕು. ಅಬುಧಾಬಿಯಿಂದ ಹೊರಡುವ ಮೊದಲೇ ಫೋನಿನ ಪಂಚಾಂಗದಲ್ಲಿ ಟ್ರೊಮ್ಸೊ ಊರಿನ ಹೆಸರು ಹಾಕಿ ಇಂದಿನ ಪುಟ ತೆರೆದಿದ್ದೆ. "ಸೂರ್ಯೋದಯ: ಇಲ್ಲ" ಎಂದಿತ್ತು; ಅದು ನನಗೆ ತಿಳಿದಿದ್ದದ್ದೇ. ಅದರ ಕೆಳಗೆ "ಚಂದ್ರೋದಯ: ಇಲ್ಲ" ಎಂದಿತ್ತು. ಸೂರ್ಯೋದಯವಿಲ್ಲದ ಊರಲ್ಲಿ ಸೂರ್ಯನಿಲ್ಲ; ಚಂದ್ರೋದಯವಿಲ್ಲದ ದಿನ ಚಂದ್ರನೂ ಇಲ್ಲ. ಇಷ್ಟು ಸರಳವಾದ ತರ್ಕವನ್ನು ಎರಡನೆಯ ಬಾರಿ ಪರೀಕ್ಷಿಸುವ ಅಗತ್ಯ ನನಗೆ ಕಾಣಲಿಲ್ಲ. ನಿಮಗೆ ತಿಳಿಸಿದರೆ ನೀವೇ ಉಪವಾಸಕ್ಕೆ ಕೂರುವಿರಿ. ಸುಳ್ಳು ಹೇಳುವುದು ನನ್ನಿಂದಾಗದು. ಆದ್ದರಿಂದ ಸಮ್ಮೇಳನ ಮುಗಿದು ದಕ್ಷಿಣದ ಓಸ್ಲೋ ನಗರಕ್ಕೆ ಮರಳಿ, ಅಲ್ಲಿ ಚಂದ್ರನನ್ನು ಕಾಣುವವರೆಗೆ ಹಾಲು ನೀರಿನ ಮೇಲಿರುವುದೆಂದು ನಿಶ್ಚಯಿಸಿದ್ದೆ.

ಈ ನಿಶ್ಚಯವನ್ನು ಇಂದು ಬೆಳಿಗ್ಗೆ ಹೋಟೆಲಿನ ಉಪಾಹಾರದ ಮೇಜಿನಲ್ಲಿ ಹಫ್ಸಳಿಗೆ ತಿಳಿಸಿದೆ. ಹಫ್ಸ ಮಂಗಳೂರಿನವರ ಮಗಳು, ದುಬೈಯ ದೇರಾದಲ್ಲಿ ಬೆಳೆದವಳು. ತರಗತಿಯಲ್ಲಿ ಸದಾ ನನ್ನ ನಂತರದ ಸ್ಥಾನದಲ್ಲಿ ಬಂದವಳು, ಅದನ್ನು ಎಂದೂ ಮನಸ್ಸಿಗೆ ಹಚ್ಚಿಕೊಳ್ಳದವಳು. ಅವಳು ಮೊಟ್ಟೆ ತಿನ್ನುತ್ತ ಕೇಳಿದಳು:

"ಹಾಲು ಕುಡೀಬಹುದಾ ನಿಂಗೆ? ನೀರು ಸಹ? ಮತ್ತೆಂತ ಮಾರಾಯ್ತಿ ಇದು ಉಪವಾಸ? ಡಯಟು!"

"ಬುಧವಾರದವರೆಗೆ" ಎಂದೆ.

ಅವಳ ಚಮಚ ನಿಂತಿತು. "ಬುಧವಾರ? ನಿನ್ನ ಪ್ರಬಂಧ ಮಂಗಳವಾರ ಉಂಟಲ್ಲ? ತಲೆ ತಿರುಗಿ ಬಿದ್ರೆ ನಾನು ಓದ್ಬೇಕಾ? ಓದ್ತೇನೆ. ಆದ್ರೆ ಫಸ್ಟ್ ರ‍್ಯಾಂಕ್ ನಂಗೆ ಕೊಟ್ಟು ಬೀಳು."

ಹಿಮದಲ್ಲಿ ಜಾರದಂತೆ ಶೂಗಳಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡು ನಾವು ಊರು ನೋಡಲು ಹೊರಟೆವು. ಮನೆಗಳೆಲ್ಲ ಮರದವು: ಕೆಂಪು, ಹಳದಿ, ಸಾಸಿವೆ ಬಣ್ಣ. ಒಂದೊಂದು ಕಿಟಕಿಯಲ್ಲೂ ಕಾಗದದ ನಕ್ಷತ್ರದೊಳಗೆ ದೀಪ. ಒಂದು ಕಾಫಿ ಅಂಗಡಿಯ ಹೊರಗೆ ಹಿಮದಲ್ಲಿ ಮಕ್ಕಳ ಗಾಡಿಗಳು ಸಾಲಾಗಿ ನಿಂತಿದ್ದವು. ಬಗ್ಗಿ ನೋಡಿದರೆ ಒಳಗೆ ಕೂಸುಗಳು ನಿದ್ರಿಸುತ್ತಿವೆ! ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದಾರೆ. ತಣ್ಣನೆಯ ಗಾಳಿಯಲ್ಲಿ ಕೂಸು ಚೆನ್ನಾಗಿ ನಿದ್ರಿಸುತ್ತದೆಂದು ಇಲ್ಲಿಯವರ ನಂಬಿಕೆಯಂತೆ. "ನನ್ನ ಅಜ್ಜಿ ನೋಡಿದ್ರೆ ಇವರನ್ನೆಲ್ಲ ಪೊಲೀಸಿಗೆ ಕೊಡ್ತಿದ್ರು" ಎಂದಳು ಹಫ್ಸ. ಬಂದರಿನಲ್ಲಿ ಒಣಮೀನು ತೂಗುಹಾಕಿದ್ದನ್ನು ಕಂಡು ಅವಳಿಗೆ ತವರಿಗೆ ಬಂದಷ್ಟು ಸಂತೋಷ. ನನಗೆ ಹಸಿವಿನಲ್ಲಿ ಆ ವಾಸನೆ ಸಾಕುಸಾಕಾಯಿತು.

ಉದ್ದನೆಯ ಸೇತುವೆ ದಾಟಿದರೆ ಆಚೆ ದಡದಲ್ಲಿ ಬೆಟ್ಟ. ಕೇಬಲ್ ಕಾರಿನಲ್ಲಿ ಮೇಲೇರಿದೆವು. ಮೋಡದೊಳಗೆ ಹೊಕ್ಕಾಗ ಗಾಜಿನ ಹೊರಗೆ ಹಾಲು ಚೆಲ್ಲಿದಂತಿತ್ತು. ಮೇಲಿನ ಅಂಗಡಿಯಲ್ಲಿ ಹಫ್ಸ ಬಿಸಿ ದೋಸೆಯಂತಹದೊಂದನ್ನು, ಕಂದು ಬಣ್ಣದ ಸಿಹಿ ಚೀಸ್ ಹಾಕಿಸಿಕೊಂಡು, ನನ್ನ ಎದುರೇ ಕುಳಿತು ತಿಂದಳು.

"ನಮಗೂ ರಂಜಾನಿಗೆ ಚಂದ್ರ ಬೇಕು" ಎಂದಳು ಬಾಯಿ ತುಂಬಿಕೊಂಡೇ. "ಆದ್ರೆ ಕಾಣದಿದ್ರೆ ತಿಂಗಳು ಮೂವತ್ತಕ್ಕೆ ಮುಗೀತದೆ. ನಿಮ್ಮದು ಹಾಗಲ್ಲ, ಕಂಡ್ರೇ ಅನ್ನ. ಅಲ್ಲ, ಚಂದ್ರಾಸ್ತ ಎಷ್ಟಕ್ಕೆ ಅಂತ ಉಂಟು ಆ ಪಂಚಾಂಗದಲ್ಲಿ?"

ಅದನ್ನು ನಾನು ನೋಡಿರಲೇ ಇಲ್ಲ. ಅತ್ತೆ, ಸಂಕಷ್ಟಿ ಮಾಡುವ ಮನೆಗಳಲ್ಲಿ ಚಂದ್ರೋದಯದ ವೇಳೆಯನ್ನು ಹತ್ತು ಬಾರಿ ಕೇಳುತ್ತೇವೆ. ಚಂದ್ರ ಮುಳುಗುವುದು ಯಾವಾಗ ಎಂದು ಯಾರಾದರೂ ಕೇಳಿದ್ದನ್ನು ನಾನು ಕಾಣೆ. ಅಷ್ಟರಲ್ಲಿ ಊಟ ಮುಗಿದು ಪಾತ್ರೆ ತೊಳೆದಿರುತ್ತದೆ. ಫೋನ್ ತೆಗೆದು ನೋಡಿದೆ. "ಚಂದ್ರಾಸ್ತ: ಇಲ್ಲ." ಹಿಂದಿನ ದಿನವೂ ಇಲ್ಲ. ಅದರ ಹಿಂದಿನ ದಿನವೂ ಇಲ್ಲ.

ಆಗ ಹೊರಗೆ ಜನರ ಗದ್ದಲ ಕೇಳಿ ಹಫ್ಸ ಕಿಟಕಿಗೆ ಮುಖ ಹಚ್ಚಿದಳು. "ನೀಲಾ, ಅದೆಂತ? ಲೈಟಾ?"

ಕೋಟು ಮರೆತು ಹೊರಗೋಡಿದೆ. ಮೋಡ ನಮ್ಮ ಕಾಲ ಕೆಳಗೆ ಇಳಿದಿತ್ತು. ಅದರ ಆಚೆ, ವಾಯವ್ಯದ ಬಿಳಿಬೆಟ್ಟಗಳ ಮೇಲೆ, ಮಟಮಟ ಮಧ್ಯಾಹ್ನದಲ್ಲಿ, ಒಂದು ಅಂಚು ಸವೆದ ದೊಡ್ಡ ಚಂದ್ರ ಕುಳಿತಿದ್ದ. ಮುಳುಗಿದರಲ್ಲವೇ ಮೂಡುವುದು? ಅವನು ದಿನಗಟ್ಟಲೆ ಮುಳುಗಿಯೇ ಇರಲಿಲ್ಲ. ನಾನು ಹಸಿದು ತಿರುಗಿದ ಪ್ರತಿ ಬೀದಿಯ ಮೇಲೂ, ಮೋಡದ ಹಿಂದೆ, ಅವನು ಇದ್ದ.

"ಖಲಾಸ್! ಕಂಡಿತಲ್ಲ? ತಿನ್ನು!" ಎಂದು ಹಫ್ಸ ಅರ್ಧ ದೋಸೆಯನ್ನು ನನ್ನ ಬಾಯಿಗೆ ಹಿಡಿದಳು.

ನಾನು ತಿನ್ನಲಿಲ್ಲ. ಅವನು ಇಳಿಯುತ್ತಿದ್ದ, ಏರುತ್ತಿರಲಿಲ್ಲ. ಇಳಿಯುವ ಚಂದ್ರನನ್ನು ನೋಡಿ ಉಂಡರೆ ಅದು ಸಂಕಷ್ಟಿಯೇ ಎಂದು ನಾಳೆ ನೀವು ಕೇಳಿದರೆ ನನ್ನ ಬಳಿ ನಿಖರವಾದ ಉತ್ತರವಿರಬೇಕು. ಹಫ್ಸ ಎರಡು ಕೈ ಜೋಡಿಸಿ, "ಇದಕ್ಕೇ ನೀನು ಫಸ್ಟ್, ನಾನು ಸೆಕೆಂಡ್. ಆದ್ರೆ ಹೊಟ್ಟೆ ತುಂಬಿದ್ದು ಮಾತ್ರ ನಂದು" ಎಂದಳು.

ಕೆಳಗಿಳಿದು, ಹಿಮದ ಹಲಗೆಗಳನ್ನು ಒಂದಕ್ಕೊಂದು ಒರಗಿಸಿ ಕಟ್ಟಿದಂತಿರುವ ಬಿಳಿಯ ಚರ್ಚನ್ನು ನೋಡಿದೆವು. ಒಳಗೆ ಯಾರೋ ಹಾಡು ಅಭ್ಯಾಸ ಮಾಡುತ್ತಿದ್ದರು. ಹೊರಬರುವ ವೇಳೆಗೆ ಮೋಡ ಚದುರಿತ್ತು, ಆದರೆ ಚಂದ್ರ ಬೆಟ್ಟದ ಹಿಂದೆ ಮರೆಯಾಗಿದ್ದ. ನನ್ನ ಅತಿ ಜಾಣತನದಿಂದ ಕೈಗೆ ಬಂದದ್ದನ್ನು ಬಿಟ್ಟೆನೇ? ಮತ್ತೆ ಕಾಣದಿದ್ದರೆ?

ಸೇತುವೆ ದಾಟಿ ಬಂದರಿನ ಕಟ್ಟೆಯ ಮೇಲೆ ನಿಂತೆವು. ಹಫ್ಸ ಹಾಸ್ಯ ನಿಲ್ಲಿಸಿ ತನ್ನ ಕೈಗವಸನ್ನು ನನ್ನ ಕೈಗವಸಿನ ಮೇಲೆ ತೊಡಿಸಿದಳು. ಬಹಳ ಹೊತ್ತಿನ ಮೇಲೆ ಉತ್ತರದ ಬೆಟ್ಟದ ಭುಜ ಬೆಳ್ಳಗಾಯಿತು. ಅಂಚಿನಲ್ಲಿ ಕಿಡಿಯೊಂದು ಹೊತ್ತಿತು. ಅವನು ಬಲಕ್ಕೆ ಸರಿಯುತ್ತ ಮೇಲೆ ಬಂದ. ಏರುತ್ತಿದ್ದ, ಅತ್ತೆ. ಇದಕ್ಕೆ ಉದಯವಲ್ಲದೆ ಬೇರೆ ಹೆಸರಿಲ್ಲ. ಕಾಗದದ ಲೋಟದಿಂದ ಸಮುದ್ರಕ್ಕೆ ನೀರು ಬಿಟ್ಟೆ. ಬಂದರಿನ ಅಂಗಡಿಯಲ್ಲಿ ಬೇಯಿಸಿದ ಆಲೂಗಡ್ಡೆ ಕೊಂಡು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಉದುರಿಸಿ, ಹಫ್ಸಳಿಗೂ ಉಳಿಸದೆ ತಿಂದೆ.

ನನ್ನ ಪದಕಕ್ಕಾಗಿ ನೀವು ಹೊತ್ತ ಹರಕೆ ಹೀಗೆ ತೀರಿತು. ಇನ್ನು ನಾವಿಬ್ಬರೂ ಸರಿಸಮ.

ನೀಲಾಂಬಿಕಾ


ಅಲ್ ಐನ್
೮ ಡಿಸೆಂಬರ್ ೨೦೨೫

ನೀಲವ್ವಾ, ನನ್ನ ಬಂಗಾರಾ,

ನೀ ಮುಚ್ಚಿಟ್ಟಿದ್ದು ಹೇಳಿದಿ, ಈಗ ನನ್ನ ಪಾಳಿ. ನಿನ್ನೆ ಮುಂಜಾನೆ ನಾ ಇಡ್ಲಿ ತಿಂದಿದ್ದಿಲ್ಲ.

ಬೈಬ್ಯಾಡ, ಪೂರಾ ಓದು. ನಿನ್ನ "ಚಿಂತಿಸಬೇಡಿ" ನೋಡಿ ನನಗ ಖಾತ್ರಿ ಆತು, ಅಲ್ಲೆ ಚಂದ್ರ ಕಾಣೂದಿಲ್ಲ ಅಂತ. ಇನ್ಸುಲಿನ್ ಕಡಿಮಿ ಮಾಡಿಕೊಂಡು ಹಂಗ ಕುಂತೆ. ನಿನ್ನ ಪತ್ರ ಬಂದ್ರ ಉಂಡರಾತು, ಬರದಿದ್ರ ಇಲ್ಲಿ ಚಂದ್ರನ್ನ ನೋಡಿ ಉಂಡರಾತು ಅಂತ. ಸಂಜಿಗೆ ಕೈ ನಡಗಾಕ ಹತ್ತಿದ್ವು. ಹಫೀಝಾ ಕೂಸಿನ ಅರಿವಿ ಮಡಚಾಕತ್ತಿದಾಕಿ ನನ್ನ ಮಾರಿ ನೋಡಿದಳು. ಮಾತು ಬಿಟ್ಟಾಕಿಗೆ ಒಮ್ಮೆಲೆ ಮಾತು ಬಂತು.

"ಬಸವಕ್ಕಾ, ಎಂತ ನಿಮ್ಮ ಅವಸ್ಥೆ! ಪುನಃ ಶುರು ಮಾಡಿದ್ರಾ?"

ಬೆರಳು ಚುಚ್ಚಿ ನೋಡಿದಳು. ಓಡಿ ಹೋಗಿ ಜ್ಯೂಸ್ ತಂದಳು. ನಾ ಹಲ್ಲು ಕಚ್ಚಿ ಕುಂತೆ. ತೌಫೀಕ ಅಂಬುಲೆನ್ಸಿಗೆ ಫೋನ್ ಹಚ್ಚತೀನಿ ಅಂದ. ಅಷ್ಟರಾಗ ಫೋನಿನ್ಯಾಗ ನಿನ್ನ ಪತ್ರ ಬಂತು. ನನ್ನ ಕಣ್ಣಿಗೆ ಮಬ್ಬು, ಅಕ್ಷರ ಕೂಡವಲ್ವು. ಹಫೀಝಾನ ಓದಿದಳು. ಪುಣ್ಯಾತಗಿತ್ತಿ, ಜನ್ಮದಾಗ ಒಮ್ಮೆ ನೀ ಸುದ್ದಿ ಮೊದಲಿಗೇ ಬರದಿ! "ಚಂದ್ರನನ್ನು ಕಂಡೆ" ಅಂತ ಆಕಿ ಓದೂದ ತಡ, ಲೋಟ ಕಸಕೊಂಡು ಗಟಗಟ ಕುಡದೆ. ಆಮ್ಯಾಲೆ ಹೂರಣಗಡಬು ತಿಂದೆ, ಅನ್ನ ಉಂಡೆ. ಇವತ್ತ ಸಕ್ಕರಿ ಸರಿ ಐತಿ, ಆರಾಮ ಅದೀನಿ. ಇದು ಸುಳ್ಳಲ್ಲ, ಹಫೀಝಾ ಬಾಜೂಕ ಕುಂತು ನಾ ಬರಿಯೂದು ನೋಡಾಕತ್ತಾಳ.

ನಾ ಉಣ್ಣೂ ಮುಂದ ಆಕಿ ನಿನ್ನ ಪತ್ರ ಪೂರಾ ಓದಿದಳು. ಕೂಸುಗಳು ಹಿಮದಾಗ ಮಲಗಿದ್ದು ಓದಿ ತನ್ನ ಕೂಸಿನ್ನ ಅಪ್ಪಿಕೊಂಡಳು. ಕಡೀಕ "ನನ್ನ ಪದಕಕ್ಕಾಗಿ" ಅಂತ ಬಂತಲ್ಲ, ಅಲ್ಲೆ ನನ್ನ ಮಾರಿ ಬದಲಾಗಿದ್ದು ನೋಡಿ, ಏನು ಅಂತ ಕೇಳಿದಳು. ನನಗ ಸುಳ್ಳು ಹೇಳಾಕ ತ್ರಾಣ ಉಳಿದಿದ್ದಿಲ್ಲ.

ನೀಲವ್ವಾ, ಹರಕಿ ನಿನ್ನ ಪದಕಕ್ಕ ಅಲ್ಲ. ಹೋದ ವರ್ಷ ಏಪ್ರಿಲದಾಗ ಹಫೀಝಾನ ಹೊಟ್ಟಿಯಾಗಿಂದು ಮೂರನೇ ಸರ್ತಿ ಹೋತು. ನನ್ನ ವಾರ್ಡಿನ್ಯಾಗನ, ನನ್ನ ಕೈಯಾಗನ. ಮರುದಿನ ಆಕಿ ಡ್ಯೂಟಿಗೆ ಬಂದು ಬ್ಯಾರೇವರ ಕೂಸಿಗೆ ನೀರು ಎರಿಯಾಕ ನಿಂತಳು. ನನಗ ನೋಡಾಕ ಆಗಲಿಲ್ಲ. ಅವತ್ತ ಗಣಪ್ಪಗ ಬೇಡಿಕೊಂಡೆ. ಈಗ ಕೂಸು ಬಂದೈತಿ, ಗಟ್ಟಿಮುಟ್ಟ ಐತಿ. ಅದರ ಸಲುವಾಗೇ ಕಡೇದ್ದು ತಪ್ಪಬಾರದು ಅಂತ ಜೀವ ಹೊಡಕೋತಿತ್ತು. ನೀ ನಿಂದು ಅಂತ ತಿಳಕೊಂಡಿ, ನಿಮ್ಮಪ್ಪನೂ ಹಂಗ ತಿಳಕೊಂಡ. ನಾ ಅಲ್ಲ ಅನ್ನಲಿಲ್ಲ.

ಹಫೀಝಾ ಕೂಸಿನ್ನ ನನ್ನ ಉಡಿಯಾಗ ಹಾಕಿ ಒಳಗ ಹೋಗಿ ಅತ್ತು ಬಂದಳು. ಬಂದು, ಡಾಕ್ಟರಕಿಂತ ಜಾಸ್ತಿ ಬೈದಳು.

ಒಂದ ಮಾತು. ನಿಮ್ಮಪ್ಪಗ ಇದನ್ನ ಹೇಳಬ್ಯಾಡ. ಅಣ್ಣಾಸಾಹೇಬ ಭೋಳೆ ಮನಶಾ, ಆದರ ಬಾಯಿ ನಿಲ್ಲೂದಿಲ್ಲ. ಬಳಗದ ಊಟದಾಗ ಎದ್ದು ನಿಂತು ಭಾಷಣ ಮಾಡತಾನ. ಹಫೀಝಾನ ಸಂಕಟ ಮಂದಿ ತಾಟಿಗೆ ಬೀಳೂದು ಬ್ಯಾಡ.

ಮಂಗಳವಾರ ಉಂಡು ಹೋಗಿ ಓದು.

ಅತ್ತಿ


ಟ್ರೊಮ್ಸೊ
೧೦ ಡಿಸೆಂಬರ್ ೨೦೨೫

ಪ್ರೀತಿಯ ಅತ್ತೀ,

ನಿಮ್ಮ ಪತ್ರ ಓದಿ ಮೊದಲು ಬಂದದ್ದು ಭಯ. ನಾನು ಬೆಟ್ಟದ ಮೇಲೆ ಚಂದ್ರನನ್ನು ಕಂಡಾಗಲೇ ಒಂದು ಸಾಲು ಕಳಿಸಿದ್ದರೆ ನಿಮ್ಮ ಕೈ ನಡುಗುವ ಮುಂಚೆಯೇ ನೀವು ಉಣ್ಣುತ್ತಿದ್ದಿರಿ. ನಿಖರತೆಗಾಗಿ ನಾನು ಕಾದೆ. ಆ ಹೊತ್ತನ್ನು ನೀವು ಹಸಿವಿನಲ್ಲಿ ಕಳೆದಿರಿ. ಇಡ್ಲಿಯ ಸುಳ್ಳಿಗೆ ನಾನು ಬೈಯುವುದು ಬಾಕಿಯಿದೆ. ಎದುರಿಗೇ ಬಂದು ಬೈಯುತ್ತೇನೆ.

ಆಮೇಲೆ ಬಂದದ್ದು ಸಿಟ್ಟು. ಮುಚ್ಚಿಡದೆ ಹೇಳುತ್ತೇನೆ: ನನಗಾಗಿ ಒಂದೇ ಒಂದು ಉಪವಾಸವನ್ನೂ ಮಾಡಲಿಲ್ಲವೇ, ಎಂದು! ಬೇಡವೆಂದು ಕೋರ್ಟಿನ ನೋಟೀಸು ಕಳಿಸಿದವಳು ನಾನೇ. ಹಫ್ಸ ಇದನ್ನು ಕೇಳಿ ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಎರಡು ವರ್ಷ ನಿಮ್ಮ ಗಣಪತಿಗೆ ನಿನ್ನ ಹೆಸರೇ ಗೊತ್ತಿರ್ಲಿಲ್ಲ!" ಎಂದಳು. ಕೊನೆಗೆ ನನಗೂ ನಗು ಬಂತು. ನಕ್ಕ ಮೇಲೆ ಮೈ ಹಗುರಾಯಿತು. ಜೂನ್‌ನಿಂದ ಹೊತ್ತದ್ದನ್ನು ಯಾರೋ ಬೆನ್ನಿನಿಂದ ಇಳಿಸಿದಂತೆ. ಪದಕ ನನ್ನದು. ಕೂಸು ಹಫೀಝಾ ಅವರದು. ನೀವು ಕುಶಲ.

ನಿನ್ನೆ ಹೊಟ್ಟೆ ತುಂಬ ಉಂಡು ಪ್ರಬಂಧ ಓದಿದೆ. ಚೆನ್ನಾಗಿ ಓದಿದೆ, ವಿನಯಕ್ಕಾಗಿ ಬೇರೆ ರೀತಿ ಹೇಳುವುದಿಲ್ಲ. ಹೆಚ್ಚಿನ ಅಧ್ಯಯನಕ್ಕೆ ಬರುವೆಯಾ ಎಂದು ಇಲ್ಲಿಯ ಪ್ರಾಧ್ಯಾಪಕರೊಬ್ಬರು ಕೇಳಿದರು. ಸುದ್ದಿಯನ್ನು ಅವ್ವನಿಗೆ ಕಳಿಸಿದ್ದೇ ತಡ, ಅಪ್ಪನ ಫೋನು. ಸ್ಪೀಕರ್ ಹಾಕಿದ್ದರು, ಹಿಂದೆ ಯಾರೋ ಅತಿಥಿಗಳ ದನಿ.

"ಕೇಳಿದ್ರೇನ್ರೀ? ನಾರ್ವೇದಾಗ ನಮ್ಮ ಹುಡುಗಿ!" ಎಂದು ಅವರಿಗೆ ಹೇಳಿ, ಆಮೇಲೆ ನನಗೆ: "ನೀಲವ್ವಾ, ನೋಡಿದ್ಯಾ? ಇದೆಲ್ಲಾ ನಿಮ್ಮತ್ತಿ ಸಂಕಷ್ಟಿ ಮಾಡಿದ್ದಕ್ಕ ಆತು. ಹೌದಿಲ್ಲೋ?"

ಹಫ್ಸ ಎದುರಿಗೆ ಕುಳಿತು, ಹುಬ್ಬೇರಿಸಿ, ನನ್ನ ಬಾಯನ್ನೇ ನೋಡುತ್ತಿದ್ದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ವಾದ ಸಿದ್ಧವಿತ್ತು, ಆಧಾರವೂ ಇತ್ತು.

"ಹೌದಪ್ಪಾ" ಎಂದೆ. "ಅತ್ತಿಯ ಸಂಕಷ್ಟಿಯಿಂದಲೇ."

ಶುಕ್ರವಾರ ಮಧ್ಯಾಹ್ನ ಅಲ್ ಐನ್‌ಗೆ ಬರುತ್ತೇನೆ. ಅನ್ನ ಹೆಚ್ಚಿಗೆ ಇಡಿ.

ನಿಮ್ಮ,
ನೀಲಾ